ಮುಂದಿನ ಆದೇಶದವರೆಗೆ ಖೋ

ಸೈರನ್ ಕೈಕೊಟ್ಟಿದ್ದರಿಂದ ದುರುಗೇಶನೇ ಸೈರನ್ ಆದ.

ಗಡಿಯಲ್ಲಿ ಯುದ್ಧ ಶುರುವಾಗಿ ಎರಡನೇ ದಿನ. ಚಿತ್ರದುರ್ಗದ ಒಂದು ಕಾಲೇಜಿನ ಮೈದಾನದಲ್ಲಿ ಎನ್.ಸಿ.ಸಿ.ಯವರು ಅಣಕು ಕವಾಯತು ಇಟ್ಟುಕೊಂಡಿದ್ದರು. ಅವರು ತಂದ ಹಳೇ ಯಂತ್ರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪ್ರಿನ್ಸಿಪಾಲರಿಂದ ಹಿಡಿದು ಪ್ರೆಶರ್ ಕುಕ್ಕರಿನವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲವನು ಫೈನಲ್ ಬಿ.ಎ.ಯ ದುರುಗೇಶ್ ಒಬ್ಬನೇ. ಮೈಕ್ ಹಿಡಿದು ಹೊಟ್ಟೆಯಾಳದಿಂದ ಊಳಿಟ್ಟ. ಜನವೆಲ್ಲ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಕ್ಕರಿಸಿತು.

ಬೇರೆಯವರು ಗುಂಪುಗುಂಪಾಗಿ ಕೂತರು. ಖೋ ಖೋ ತಂಡದ ಹುಡುಗಿಯರು ಮಾತ್ರ ಒಂದೇ ಗೆರೆ ಎಳೆದಂತೆ ಸಾಲಾಗಿ ಕೂತಿದ್ದರು. ಒಬ್ಬಳ ಮುಖ ಕೋಟೆ ಕಡೆ, ಪಕ್ಕದವಳ ಮುಖ ಕ್ಯಾಂಟೀನ್ ಕಡೆ. ಮೂರು ವರ್ಷದ ಅಭ್ಯಾಸ ಬಾಂಬಿಗೂ ಬಗ್ಗಿರಲಿಲ್ಲ.

ದುರುಗೇಶನಿಗೆ ಇನ್ನೊಂದು ಕೆಲಸವಿತ್ತು. ಅವನು ಯಾರ ಬೆನ್ನು ಮುಟ್ಟುತ್ತಾನೋ ಅವರು ಗಾಯಾಳುಗಳಂತೆ ಮಲಗಬೇಕು. ಅಷ್ಟು ಜನರಲ್ಲಿ ಅವನ ಕೈಗೆ ಮೊದಲು ಸಿಕ್ಕ ಬೆನ್ನು ತಂಡದ ಕ್ಯಾಪ್ಟನ್ ರಂಜಿತಾಳದು. ಸಿಕ್ಕಿದ್ದೇನಲ್ಲ, ಹುಡುಕಿಕೊಂಡೇ ಹೋಗಿದ್ದ.

ಅಂಗೈ ತಾಗಿದ್ದೇ ತಡ, ರಂಜಿತಾ ಚಂಗನೆ ಎದ್ದು ಓಡಿದಳು. ಎರಡು ಜಡೆ ಗಾಳಿಯಲ್ಲಿ ಹಾರಿ, ಅರ್ಧ ಮೈದಾನ ದಾಟಿದ ಮೇಲೆ ಅವಳಿಗೆ ನೆನಪಾಯಿತು: ತಾನು ಗಾಯಾಳು.

"ಏನಮ್ಮಾ ರಂಜಿತಾ, ಕಾಲು ಮುರಿದೋರು ಹಂಗ್ ಓಡ್ತಾರಾ?" ಪಿ.ಟಿ. ಮೇಷ್ಟ್ರು ರಂಗಸ್ವಾಮಿ ತಲೆ ಚಚ್ಚಿಕೊಂಡರು.

ಅವಳು ವಾಪಸ್ ಬಂದು ದುರುಗೇಶನ ಮುಂದೆ ಮಲಗಿದಳು. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅವನನ್ನು ಸುಡುತ್ತ ಪಿಸುಗುಟ್ಟಿದಳು. "ಖೋ ಕೊಟ್ಟೋರು ಎದ್ದೋರ ಜಾಗ್ದಲ್ಲಿ ಕುಂತ್ಕಬೇಕು. ರೂಲ್ಸ್ ಗೊತ್ತಿಲ್ದೋನು ಯಾಕ್ ಮುಟ್ತೀಯ?"

"ಕುಂತ್ಕಂತಿದ್ದೆ. ನೀನು ಎದ್ದೋಗ್ಬಿಟ್ಟೆ ಅಂತ ಗಾಬ್ರಿಯಾತು."

ಅವಳ ತುಟಿಯ ಅಂಚು ಕುಣಿಯಿತು. ಗಾಯಾಳುಗಳು ನಗಬಾರದೆಂದು ಕಷ್ಟಪಟ್ಟು ತಡೆದುಕೊಂಡಳು.

ವಾರದ ಹಿಂದೆ ಕ್ಯಾಂಟೀನಿನಲ್ಲಿ ದುರುಗೇಶ್ ಜೀವನದಲ್ಲಿ ಮೊದಲ ಸಲ ತನ್ನದೇ ದನಿಯಲ್ಲಿ ಮಾತಾಡಿದ್ದ. ರಂಜಿತಾಳಿಗೆ, ನೀನಂದ್ರೆ ಇಷ್ಟ ಎಂದಿದ್ದ. ಅವಳು ಮಂಡಕ್ಕಿಯಲ್ಲಿದ್ದ ಕಡಲೆಬೀಜ ಹೆಕ್ಕುತ್ತ, "ಶನಿವಾರ ಹಿರಿಯೂರಿನೋರ ಜೊತೆ ಫೈನಲ್ ಐತಲ್ಲ, ಅದು ಮುಗೀಲಿ. ಆಮೇಲೆ ಹೇಳ್ತೀನಿ" ಎಂದಿದ್ದಳು.

ಅಷ್ಟರಲ್ಲಿ ಯುದ್ಧ ಬಂತು, ಸುತ್ತೋಲೆ ಬಂತು. ಎಲ್ಲ ಕ್ರೀಡೆಗಳೂ ಮುಂದಿನ ಆದೇಶದವರೆಗೆ ಬಂದ್. ಇಬ್ಬರಿಗೂ ಅದೇ ಕೊನೇ ವರ್ಷ. ತಿಂಗಳ ಕೊನೆಗೆ ಪರೀಕ್ಷೆ, ಅದು ಮುಗಿದ ಮಾರನೇ ದಿನವೇ ಹಾಸ್ಟೆಲ್ ಖಾಲಿ.

"ಯುದ್ಧ ಗಡೀಲಿ, ಗಡೀಪಾರು ಆಗಿದ್ದು ನನ್ ಉತ್ರ" ಎಂದು ನೋಟಿಸ್ ಬೋರ್ಡ್ ಮುಂದೆ ಅವನು ಗೊಣಗಿದ.

ರಂಜಿತಾ ನಗಲಿಲ್ಲ. ಅವಳ ನೋಟ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತಿದ್ದ ರೇಣುಕಾಳ ಮೇಲಿತ್ತು. ತಂಡದ ಅತಿ ಚುರುಕು ಹುಡುಗಿ ಅವಳು. ಅವಳ ಅಣ್ಣ ಓಬಳೇಶ್ ಜಮ್ಮುವಿನಲ್ಲಿ ಯೋಧ; ಮೂರು ದಿನದಿಂದ ಫೋನಿಗೆ ಸಿಕ್ಕಿರಲಿಲ್ಲ. ಆಮೇಲೆ ಎರಡು ದಿನ ದುರುಗೇಶ್ ಯಾರ ದನಿಯನ್ನೂ ತೆಗೆಯಲಿಲ್ಲ.

ಕದನ ವಿರಾಮವಾದ ಮಾರನೇ ಬೆಳಿಗ್ಗೆ ರೇಣುಕಾಳ ಫೋನ್ ಹೊಡೆದುಕೊಂಡಿತು. ಅವಳು ಅತ್ತು, ನಕ್ಕು, ಮತ್ತೆ ಅತ್ತು, ಕೊನೆಗೆ ರಂಜಿತಾಳ ಹತ್ತಿರ ಓಡಿ ಬಂದಳು. "ಅಣ್ಣ ಚೆನ್ನಾಗವ್ನೆ ಕಣೇ. ಅವ್ನು ಕೇಳಿದ್ ಮೊದ್ಲನೇ ಮಾತು ಏನ್ ಗೊತ್ತಾ? ಫೈನಲ್‌ನಾಗೆ ಯಾರ್ ಗೆದ್ರು ಅಂತ."

"ನೀನೇನಂದೆ?"

"ನಾಳೆ ಹೇಳ್ತೀನಿ ಅಂದೆ."

ರಂಜಿತಾ ಮೇಷ್ಟ್ರ ಹತ್ತಿರ ಹೋದಳು. ಆದೇಶವಿಲ್ಲದೆ ತಾವು ಮ್ಯಾಚ್ ಆಡಿಸುವಂತಿಲ್ಲ ಎಂದು ರಂಗಸ್ವಾಮಿ ಕೈಚೆಲ್ಲಿದರು. ಅವಳು ಸೀದಾ ದುರುಗೇಶನ ಹತ್ತಿರ ಬಂದಳು. "ಒಂದ್ ದನಿ ಬೇಕಾಗಿತ್ತು."

ಅವನು ಹಿರಿಯೂರು ತಂಡದ ಕ್ಯಾಪ್ಟನ್ ಮೌನಿಕಾಗೆ ಫೋನ್ ಮಾಡಿ, ಮೂಗಿನಲ್ಲಿ ಗಾಳಿ ತುಂಬಿ ರಂಗಸ್ವಾಮಿಯಾದ. "ನೋಡಮ್ಮಾ, ನಾಳೆ ಹತ್ತು ಗಂಟೆಗೆ ಫೈನಲ್. ದಯವಿಟ್ಟು ಟೀಮ್ ಕರ್ಕಂಡ್ ಬಾ."

ಆ ಕಡೆ ಕಿಸಕ್ಕೆಂದ ಸದ್ದು. "ನಿಮ್ ಮೇಷ್ಟ್ರು ಹುಟ್ಟಿದಾಗ್ಲಿಂದ ದಯವಿಟ್ಟು ಅಂದಿಲ್ಲ. ಯಾರಪ್ಪ ನೀನು?"

ದುರುಗೇಶ್ ದನಿ ಇಳಿಸಿ, ಓಬಳೇಶ್ ಕೇಳಿದ ಪ್ರಶ್ನೆಯನ್ನು ಹೇಳಿದ. ಒಂದು ಗಳಿಗೆ ಮೌನಿಕಾ ಹೆಸರಿಗೆ ತಕ್ಕ ಹಾಗಿದ್ದಳು. ಆಮೇಲೆ, "ಬಸ್ಸಿಗೆ ಬರ್ತೀವಿ, ಸುಣ್ಣದ ಗೆರೆ ಎಳ್ದಿಟ್ಟಿರಿ" ಎಂದಳು.

ಕಪ್ ಇಲ್ಲ, ಶಾಮಿಯಾನವಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ವಾಕಿಂಗಿಗೆ ಬಂದಿದ್ದಾಗಿ ಎಲ್ಲರಿಗೂ ಸಾರಿದ ರಂಗಸ್ವಾಮಿ ಮೇಷ್ಟ್ರ ಜೇಬಿನಲ್ಲಿ ಸೀಟಿ ಇತ್ತು. ಬೇವಿನ ಮರದ ಕೆಳಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ರಂಜಿತಾಳ ಅಪ್ಪ ಚಿತ್ರಲಿಂಗಪ್ಪ ಕೂತಿದ್ದರು. ಭರಮಸಾಗರದ ಕಡೆ ಕುರಿ ಬಿಟ್ಟು, ಮಗಳ ಕೊನೇ ಆಟ ನೋಡಲು ಬಂದಿದ್ದರು. ರೇಣುಕಾಳ ತಂಗಿ ಅಣ್ಣನಿಗೆ ಕಳಿಸಲು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ದುರುಗೇಶ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೈಕ್ ಹಿಡಿದು ಜಮ್ಮುವಿಗೆ ಕಾಮೆಂಟರಿ ಕೊಡುತ್ತಿದ್ದ.

ರಂಜಿತಾಳ ತಂಡ ಒಂದೇ ಒಂದು ಪಾಯಿಂಟಿನಿಂದ ಸೋತಿತು.

ಹಿರಿಯೂರಿನವರು ಕುಣಿದರು. ಸ್ವಲ್ಪ ಹೊತ್ತಿಗೆ ಚಿತ್ರದುರ್ಗದವರೂ ಜೊತೆಗೆ ಕುಣಿದರು. ದುರುಗೇಶ್ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಸೋತ ಕ್ಯಾಪ್ಟನ್ನಿಗೆ ಇವತ್ತು ಏನು ಕೇಳುವುದು? ಮೈಕಿನ ವೈರು ಸುತ್ತುತ್ತ ತಲೆ ಬಗ್ಗಿಸಿ ಕೂತ.

ಬೆನ್ನಿಗೆ ಒಂದು ಅಂಗೈ ತಾಗಿತು. ಬಿಸಿ, ಮಣ್ಣು, ಬೆವರು.

"ಖೋ."

ಅವನು ಎದ್ದು ನಿಂತ. ಅವಳು ನಿಯಮದ ಪ್ರಕಾರ ಅವನ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಕೆನ್ನೆಗೆ ಸುಣ್ಣ ಮೆತ್ತಿತ್ತು.

"ಸೋತ್ರಲ್ಲ" ಎಂದ.

"ಫೈನಲ್ ಮುಗೀಲಿ ಅಂದಿದ್ದೆ. ಗೆಲ್ಲಲಿ ಅಂದಿದ್ನಾ?" ಅವನ ಕೈಯಿಂದ ವೈರು ಕಸಿದುಕೊಂಡಳು. "ನಂದು ಹೂಂ. ಇನ್ನು ನಿನ್ ಓಟ."

"ಎಲ್ಲಿಗೆ?"

ಅವಳು ಗಲ್ಲ ಎತ್ತಿ ಬೇವಿನ ಮರ ತೋರಿಸಿದಳು.

ದುರುಗೇಶ್ ಓಡಿದ. ಅರ್ಧ ಮೈದಾನ ದಾಟಿದ ಮೇಲೆ ಅವನಿಗೂ ನೆನಪಾಯಿತು: ಯಾವ ದನಿಯಲ್ಲಿ ಮಾತಾಡಬೇಕೆಂದೇ ಯೋಚಿಸಿಲ್ಲ. ಏದುಸಿರು ಬಿಡುತ್ತ ಎದುರಿಗೆ ನಿಂತಾಗ ಚಿತ್ರಲಿಂಗಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಂಬಳಿಯನ್ನು ಹೆಗಲಿಂದ ತೆಗೆದು ಪಕ್ಕದಲ್ಲಿ ಹಾಸಿದರು.

"ಸೈರನ್ ಹುಡುಗ ನೀನೇ ಏನಪ್ಪ? ಮಗಳು ವಾರದಿಂದ ಫೋನ್‌ನಾಗೆ ಬರೀ ನಿಂದೇ ಹೇಳ್ತಾವ್ಳೆ. ಬಾ, ಕುಂತ್ಕ. ಮೊದ್ಲು ಉಸ್ರು ಬಿಡು."