ಹನ್ನೊಂದಿಂಚಿನ ಹಕ್ಕಿ

ಆತ ನನ್ನನ್ನು ಮೊದಲ ಸಲ ಮಾತಾಡಿಸಿದ್ದೇ ಬೈಯುವುದಕ್ಕೆ.

"ಮೇಡಂ, ಇದು ಗುಬ್ಬಿಯೋ ಕೋಳಿಯೋ? ಹತ್ತಿಂಚಿನ ಜಾಗದಲ್ಲಿ ಹನ್ನೊಂದಿಂಚಿನ ಟೈಲ್ ಹೇಗೆ ಕೂರತ್ತೆ?"

ಹದಿನೈದು ದಿನದ ದುಡಿಮೆಯನ್ನು ಎದೆಗವಚಿಕೊಂಡು ನಾನು ಗೋಡೆಗೆ ಕಟ್ಟಿದ ಸಾರವೆಯ ಹಲಗೆಯ ಮೇಲೆ ನಿಂತಿದ್ದೆ. ಅದು ಬಟ್ಟೆ ವ್ಯಾಪಾರಿಗಳ ನೂರು ವರ್ಷದ ಕಟ್ಟಡ. ಮೇಲಿನ ಕಿಟಕಿಗಳ ನೆತ್ತಿಯಲ್ಲಿ ಈ ತುದಿಯಿಂದ ಆ ತುದಿಗೆ ಬಣ್ಣದ ಟೈಲ್‌ಗಳ ಪಟ್ಟಿ: ಹಾಯಿ ಹಡಗು, ದ್ರಾಕ್ಷಿ ಗೊಂಚಲು, ಬಟ್ಟೆಯ ಗಂಟು, ಜೋಡಿ ಹಕ್ಕಿ. ಮೂಲೆಯ ಜೋಡಿಯಲ್ಲಿ ಒಂದು ಹಕ್ಕಿ ಯಾವತ್ತೋ ಉದುರಿಹೋಗಿತ್ತು. ಉದುರಿದ್ದನ್ನೆಲ್ಲ ಅಪ್ಪನ ಭಟ್ಟಿಯಲ್ಲಿ ಹೊಸದಾಗಿ ಸುಟ್ಟುಕೊಡುವವಳು ನಾನು. ಖಾಲಿ ಜಾಗ ಅಳೆದು ಚೀಟಿ ಬರೆದುಕೊಡುವವನು ಆತ.

"ನಿಮ್ಮ ಚೀಟೀಲೇ ಹನ್ನೊಂದು ಅಂತಿದೆ. ಕಣ್ಣಿದ್ರೆ ಓದಿ."

"ಮಣ್ಣು ಬೆಂದ್ರೆ ಕುಗ್ಗತ್ತಲ್ಲ! ಅದಕ್ಕೆ ಒಂದಿಂಚು ನಾನೇ ಸೇರಿಸಿ ಬರೆದಿದ್ದೆ."

"ಅಯ್ಯೋ ನಿಮ್ಮ! ಅದಕ್ಕೇ ಅಂತ ನಾನೂ ಒಂದಿಂಚು ಸೇರಿಸಿದ್ದೆ!"

ಒಬ್ಬರ ಮುಖ ಒಬ್ಬರು ನೋಡಿದೆವು. ಆತನ ರೆಪ್ಪೆಯ ಮೇಲೆ ಸುಣ್ಣದ ಧೂಳು ಕೂತಿತ್ತು. ನಗು ತಡೆಯಲು ಹೋದಾಗ ತುಟಿಗಿಂತ ಮೊದಲು ಕಣ್ಣುಗಳು ಸೋತವು. ನನ್ನ ಕಥೆ ಅಲ್ಲಿಗೇ ಮುಗಿಯಿತು ಅನ್ನಬೇಕು.

"ಇನ್ಮೇಲೆ ಒಬ್ಬರನ್ನೊಬ್ಬರು ಕೇಳದೆ ಏನೂ ಸೇರಿಸೋದು ಬೇಡ," ಎಂದ.

ಅಲ್ಲಿಂದ ಪ್ರತಿ ಚೀಟಿಯ ಕೆಳಗೂ ಒಂದು ಸಾಲು ಬರತೊಡಗಿತು. 'ಸೇರಿಸಿಲ್ಲ. ನೀವೇ ಸೇರಿಸಿ.' ಆಮೇಲೆ, 'ಸೇರಿಸಿಲ್ಲ. ನಿನ್ನೆ ಯಾಕೆ ಬರಲಿಲ್ಲ?' ಆಮೇಲೊಂದು ದಿನ, 'ಸೇರಿಸಿಲ್ಲ. ಬೆಳಗ್ಗೆ ನಿಮ್ಮ ಕೆನ್ನೆ ಮೇಲೆ ನೀಲಿ ಬಣ್ಣ ಇತ್ತು. ಹೇಳಿದ್ರೆ ಒರೆಸಿಕೊಂಡುಬಿಡ್ತೀರಿ ಅಂತ ಹೇಳಲಿಲ್ಲ.'

"ಅಳತೆ ಚೀಟಿ ಓದಿ ಯಾರಾದ್ರೂ ನಗ್ತಾರೇನೇ ಅಕ್ಕಾ?" ಎಂದು ತಂಗಿ ಮನೆಯೆಲ್ಲ ಸಾರಿಕೊಂಡು ಬಂದಳು.

ಅಷ್ಟರಲ್ಲಿ ಆತನಿಗೆ ದೂರದ ಊರಿನಲ್ಲಿ ಐದು ವರ್ಷದ ಕೆಲಸ ಸಿಕ್ಕಿತು. ಸಾರವೆ ಬಿಚ್ಚಿದ ದಿನವೇ ಹೊರಡುತ್ತಾನೆ ಎಂದು ಮೇಸ್ತ್ರಿ ಹೇಳಿದರು. ಅದರೊಳಗೆ ಆತ ನನ್ನನ್ನು ಕೇಳೇ ಕೇಳುತ್ತಾನೆ ಎಂದುಕೊಂಡೆ. ಆತನ ಜೊತೆ ಹೊರಡಲು ಅಡ್ಡಿಯಿರಬಾರದೆಂದು ಅಪ್ಪನ ಕೈಕಾಲು ಹಿಡಿದು, ನನಗೆ ಬರಬೇಕಿದ್ದ ಭಟ್ಟಿಯನ್ನು ತಂಗಿಗೆ ಬರೆಸಿದೆ. ಎಂಟು ದಿನ ಅಪ್ಪ ನನ್ನ ಮುಖ ನೋಡಲಿಲ್ಲ. ಇಷ್ಟೆಲ್ಲ ಮಾಡಿದವಳು ಆತನಿಗೆ ಮಾತ್ರ ಒಂದು ಮಾತು ಹೇಳಲಿಲ್ಲ. ತಾನಾಗಿ ಬಾಯಿ ಬಿಡಲಿ ಎಂದು ಕಾದೆ. ಹಾಳು ಬಿಂಕ ನನ್ನದು.

ಕೊನೆಯ ದಿನ, ನಾನು ಹೊಸದಾಗಿ ಸುಟ್ಟ ಹತ್ತಿಂಚಿನ ಹಕ್ಕಿಯನ್ನು ಇಬ್ಬರೂ ಸೇರಿ ಕೂರಿಸಿದೆವು. ಹೇಳಿ ಮಾಡಿಸಿದಂತೆ ಕೂತಿತು.

"ಮದುವೆ ನಿಶ್ಚಯ ಆಯ್ತು," ಎಂದ ಆತ, ಅಂಚಿನ ಗಾರೆ ಒರೆಸುತ್ತ. "ಅಕ್ಕ ತೋರಿಸಿದ ಹುಡುಗಿ. ಹೋದ ವಾರ ಹ್ಞೂಂ ಅಂದೆ."



"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಒರೆಸುತ್ತಿದ್ದ ಕೈ ನಿಂತಿತು. "ನೀವು ಅಪ್ಪನ್ನ, ಭಟ್ಟೀನ ಬಿಟ್ಟು ಬರೋರಲ್ಲ ಅಂತ ನಾನೇ ಅಂದ್ಕೊಂಡೆ. ಕೇಳಿ ನಿಮ್ಮನ್ನ ಯಾಕೆ ಇಕ್ಕಟ್ಟಿಗೆ ಸಿಕ್ಕಿಸಲಿ ಅಂತ..."

"ಭಟ್ಟಿ ತಂಗಿ ಹೆಸರಿಗಾಗಿ ತಿಂಗಳಾಯ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳ್ತೀರಿ ಅಂತ."

ಈ ಸಲ ಇಬ್ಬರಿಗೂ ನಗು ಬರಲಿಲ್ಲ.

"ನಾನು ಅಕ್ಕನ ಹತ್ರ ಇವತ್ತೇ ಮಾತಾಡ್ತೀನಿ..."

"ಬೇಡ. ಆ ಹುಡುಗಿ ಏನು ತಪ್ಪು ಮಾಡಿದ್ಲು?" ಎಂದೆ. ಹಾಗನ್ನುವಾಗ ನನಗೆ ಅವಳ ಮೇಲೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಏಣಿ ಇಳಿದ ಮೇಲೆ ಆತ ತಲೆ ತಗ್ಗಿಸಿ ಕೇಳಿದ. "ಆ ಹನ್ನೊಂದಿಂಚಿನ ಹಕ್ಕಿ ಕೊಡ್ತೀರಾ? ಅದರಲ್ಲಿ ನನ್ನದೂ ಒಂದಿಂಚಿದೆ."

"ಕೇಳದೆ ಸೇರಿಸಿದ್ದಲ್ವಾ? ಕೊಡಲ್ಲ."

ಅದು ಅಲ್ಲಿಯವರೆಗೆ ನನ್ನ ದಿಂಬಿನ ಪಕ್ಕದ ಕಿಟಕಿಯಲ್ಲಿತ್ತು. ಅಂದು ಸಂಜೆಯೇ ಒಯ್ದು, ಭಟ್ಟಿಮನೆಯ ಬಾಗಿಲು ಗಾಳಿಗೆ ಬಡಿಯದಿರಲೆಂದು ಅದಕ್ಕೆ ಅಡ್ಡ ಇಟ್ಟೆ. ಈಗ ಅಲ್ಲಿ ನಾನು ತಂಗಿಯ ಕೈಕೆಳಗೆ ದುಡಿಯುತ್ತೇನೆ. ಅವಳು ಒಳಗೆ ಬರುವಾಗ ಹಕ್ಕಿಯನ್ನು ಕಾಲಿನಿಂದ ಸರಿಸುತ್ತಾಳೆ. ನನಗೆ ಇನ್ನೂ ಆಗುವುದಿಲ್ಲ, ದಾಟಿಕೊಂಡು ಹೋಗುತ್ತೇನೆ.