ರೆಕ್ಕೆಯಂಚಿನ ಚುಕ್ಕಿಗಳು

“ಅನ್ನ ಹಾಕಿದ ಮಗ್ಗಕ್ಕೇ ಕೇಡು ಬಗೆದ್ಯಲ್ಲ ಮೇಸ್ತ್ರಿ, ನಾಚಿಕೆ ಆಗಲ್ವಾ ನಿನಗೆ?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಮಗ್ಗ ಸರಿ ಇದೆ.”

“ಸರಿ ಇದ್ರೆ ಹಕ್ಕಿ ಮೈಮೇಲೆ ಸಿಡುಬು ಎದ್ದಿದ್ದು ಹೇಗೆ?”

ಮಾವ ಶೆಡ್ಡಿನ ಬಾಗಿಲಲ್ಲೇ ನಿಂತರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ಅವರನ್ನು ಕರೆಸಿದ್ದು ಈ ನೇಯ್ಗೆ ಶೆಡ್ಡಿನ ಯಜಮಾನ, ಅವರ ಅಕ್ಕನ ಹಿರಿಯ ಮಗ. ಕರೆಸಿದವನೇ ತೀರ್ಪನ್ನೂ ಕೊಟ್ಟು ಕೂತಿದ್ದ.

“ನೀನೇ ಕಳ್ಳನ್ನ ಹಿಡಿದಿದ್ರೆ ನನ್ನನ್ಯಾಕೋ ಕರೆಸಿದೆ? ಬಾಯಿ ಮುಚ್ಚಿ ಸಂಗತಿ ಹೇಳು.”

ಸಂಗತಿ ಇಷ್ಟೆ. ಯಜಮಾನನ ಅಪ್ಪ ಸಾಯುವ ಮುಂಚೆ ಚೌಕುಳಿ ಕಾಗದದ ಮೇಲೆ ಒಂದು ಹಕ್ಕಿ ಬರೆದಿದ್ದರು. ಒಂದು ಚೌಕಕ್ಕೆ ಒಂದು ಎಳೆ. ಯಜಮಾನನ ತಮ್ಮ ಅದನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದೇ ಚುಕ್ಕಿ ತಿದ್ದಿ, ಆರೇ ಬಣ್ಣಗಳ ಬಿಟ್‌ಮ್ಯಾಪ್ ಫೈಲಾಗಿ ಉಳಿಸಿದ್ದ. ಮಗ್ಗ ಓದುವುದು ಅಂಥ ಫೈಲನ್ನು ಮಾತ್ರ. ಕಾಗದಕ್ಕೆ ಗೆದ್ದಲು ಹತ್ತಿದಾಗ ‘ಫೈಲಿದೆಯಲ್ಲ’ ಎಂದು ಸುಟ್ಟುಬಿಟ್ಟಿದ್ದರು. ಈಗ ನೇಯ್ದ ಪರದೆ ಬಟ್ಟೆಯ ತುಂಬ ಬೇಡದ ಬಣ್ಣದ ಚುಕ್ಕಿಗಳು. ವ್ಯಾಪಾರಿ ಇಡೀ ಸರಕನ್ನು ಹಿಂದಕ್ಕೆ ಕಳಿಸಿದ್ದ. ಮಗ್ಗ ರಿಪೇರಿಯ ಮೇಸ್ತ್ರಿ ಬೇಕೆಂದೇ ಅದನ್ನು ಕೆಡಿಸಿದನೆಂಬ ಮಾತು ಹುಟ್ಟಿತ್ತು. ಆ ಹೆಸರು ಹೊತ್ತವನನ್ನು ಯಾವ ಶೆಡ್ಡಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

“ಫೈಲೇ ಕೆಟ್ಟಿರಬಹುದಲ್ಲ?”

“ಆ ಜಾತಿ ಫೈಲಲ್ಲಿ ಒಂದು ಚುಕ್ಕಿನೂ ಕಳೆಯಲ್ಲ ಮಾವ. ತಮ್ಮನ್ನೇ ಕೇಳಿ.”

ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ತಮ್ಮ ಕಣ್ಣೆತ್ತಲಿಲ್ಲ. “ಅದೇ ಹೆಸರು, ಅದೇ ಅಳತೆ, ಅದೇ ಆರು ಬಣ್ಣ. ನೋಡಿದ್ದೀನಿ.”

“ಈ ಕಂಪ್ಯೂಟರನ್ನ ಬೇರೆ ಯಾರು ಮುಟ್ತಾರೆ?”

“ನಾನು ಬಿಲ್ಲು ಹೊಡೀತೀನಿ,” ಎಂದಳು ಯಜಮಾನನ ಹೆಂಡತಿ. “ಚಿತ್ರದ ಸಾಫ್ಟ್‌ವೇರ್ ಅಪ್ಪಿತಪ್ಪಿ ತೆರ್ಕೊಂಡ್ರೆ ಅದನ್ನ ಮುಚ್ಚೋಕೂ ನನಗೆ ಬರಲ್ಲ. ಮೈದುನನ್ನೇ ಕೂಗ್ತೀನಿ.”

“ಮೇಸ್ತ್ರಿ?”

“ಎಣ್ಣೆ ಕೈ ಅಂತ ನನ್ನನ್ನ ಆ ಕೋಣೆ ಒಳಗೇ ಬಿಡಲ್ಲ ಸಾಹೇಬ್ರೇ. ನಂದೇನಿದ್ರೂ ಮಗ್ಗದ ಹತ್ರ. ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಬೆರಳು ಸವೆದುಹೋಯ್ತು. ತಪ್ಪು ಸಿಗಲೇ ಇಲ್ಲ.”

ಮಾವ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಭೂತಗನ್ನಡಿ ಹಿಡಿದರು. ಒಂದು ಹಕ್ಕಿ. ಅದರ ಪಕ್ಕದ್ದು. ಬಟ್ಟೆಯ ಆ ತುದಿಯದ್ದು.

“ಮಗ್ಗದಲ್ಲಿ ಎಳೆ ಎತ್ತೋ ಕೊಕ್ಕೆ ಕೆಟ್ರೆ ಏನಾಗುತ್ತೆ ಮೇಸ್ತ್ರಿ?”

“ಆ ಎಳೆ ಉದ್ದಕ್ಕೂ ಗೆರೆ ಬೀಳುತ್ತೆ.”

“ಇಲ್ಲಿ ಗೆರೆ ಇದೆಯಾ? ಎಲ್ಲಾ ಹಕ್ಕಿಗೂ ಅದೇ ಜಾಗದಲ್ಲಿ ಅದೇ ಚುಕ್ಕಿ. ಮಗ್ಗ ಪಾಪ, ಕೊಟ್ಟದ್ದನ್ನೇ ನೇಯ್ದಿದೆ.”

ಯಜಮಾನ ಬಗ್ಗಿ ನೋಡಿದ. ಅವನ ಮುಖ ಇಳಿಯಿತು.

“ನೀವೆಲ್ಲ ಚುಕ್ಕಿ ಇರೋ ಜಾಗ ನೋಡಿದ್ರಿ, ಇಲ್ಲದ ಜಾಗ ನೋಡ್ಲಿಲ್ಲ. ಬಯಲು ಬಣ್ಣದ ನಡುವೆ ಒಂದೂ ಇಲ್ಲ. ಎರಡು ಬಣ್ಣ ಕೂಡೋ ಅಂಚಲ್ಲಿ ಮಾತ್ರ, ಪುಟ್ಟ ಪುಟ್ಟ ಚೌಕವಾಗಿ. ಠಾಣೆಲಿ ಗಾಡಿ ನಂಬರಿನ ಫೋಟೋ ಹಿಗ್ಗಿಸಿದಾಗೆಲ್ಲ ಅಂಕಿ ಸುತ್ತ ಇದೇ ಧೂಳು ಕಾಣ್ತಿತ್ತು. ಫೋಟೋ ಫೈಲು ಚಿಕ್ಕದಾಗೋಕೆ ಚಿತ್ರದ ವಿವರ ತಿನ್ನುತ್ತೆ. ಈ ಹಕ್ಕಿ ಒಂದ್ಸಲ ಫೋಟೋ ಆಗಿ ಬಂದಿದೆ.”

“ಆದ್ರೆ ಬಣ್ಣ ಆರೇ ಇದೆಯಲ್ಲ ಮಾವ?”

“ಕಳ್ಳ ಸಿಕ್ಕಿಬಿದ್ದಿದ್ದು ಅಲ್ಲೇ. ಫೋಟೋದಿಂದ ಸುಮ್ಮನೆ ವಾಪಸ್ ತಂದಿದ್ರೆ ಬಣ್ಣ ನೂರಾರು ಆಗಿರ್ತಿತ್ತು. ಯಾರೋ ಕೂತು ಮತ್ತೆ ಆರಕ್ಕೆ ಇಳಿಸಿ, ಬಿಟ್‌ಮ್ಯಾಪಿಗೆ ಬದಲಿಸಿ, ಹಳೇ ಹೆಸರು ಕೊಟ್ಟಿದ್ದಾರೆ. ಅಂಚಿನ ಚುಕ್ಕಿಗಳು ಸಿಕ್ಕ ಸಿಕ್ಕ ಬಣ್ಣದಲ್ಲಿ ಹೋಗಿ ಕೂತವು. ಮುಚ್ಚೋಕೂ ಬಾರದ ಸೊಸೆ ಕೈಲಿ ಇದಾಗುತ್ತಾ? ಕೋಣೆ ಒಳಗೇ ಬಾರದ ಮೇಸ್ತ್ರಿ ಕೈಲಿ ಆಗುತ್ತಾ?”

ಎಲ್ಲರೂ ತಮ್ಮನ ಕಡೆ ತಿರುಗಿದರು.

“ವ್ಯಾಪಾರಿ ಫೋನಿಗೆ ಕಳಿಸು ಅಂದ,” ಎಂದ ತಮ್ಮ, ಕೊನೆಗೆ. “ಫೋಟೋ ಮಾಡಿ ಕಳಿಸಿದೆ. ಹಳೇ ಫೈಲೆಲ್ಲ ಅಳಿಸ್ತಾ ಇದ್ದೆ... ಉಳಿಸ್ಬೇಕಾದ್ದೇ ಹೋಯ್ತು.”

“ಹೋದ್ರೇನು? ವಾಪಸ್ ಅದೇ ಜಾತಿಗೆ ತಂದ್ಯಲ್ಲ? ಏನೂ ಕಳೆಯಲ್ಲ ಅಂದ್ಯಲ್ಲ?” ಯಜಮಾನ ಕೇಳಿದ.

“ಕೊಟ್ಟದ್ದನ್ನ ಕಳೆಯಲ್ಲ ಅಷ್ಟೆ ಕಣೋ,” ಎಂದರು ಮಾವ. “ಒಡೆದ ಹಾಲನ್ನ ಬೆಳ್ಳಿ ಪಾತ್ರೆಗೆ ಹಾಕಿದ್ರೂ ಅದು ಒಡೆದ ಹಾಲೇ.”

“ತಿದ್ದೋಕಾಗಲ್ವಾ?”

“ಯಾವ ಎಳೆನ ಎಲ್ಲಿ ತಿರುಗಿಸ್ಬೇಕು ಅಂತ ಗೊತ್ತಿದ್ದಿದ್ದು ಅಪ್ಪನಿಗೆ,” ಎಂದ ತಮ್ಮ. “ಈಗ ತಿದ್ದಿದ್ರೆ ಅದು ನನ್ನ ಹಕ್ಕಿ ಆಗುತ್ತೆ ಅಣ್ಣ. ಅಪ್ಪಂದಲ್ಲ.”

ಮೇಸ್ತ್ರಿ ಇದುವರೆಗೂ ಗೋಡೆಗೆ ಒರಗಿ ನಿಂತಿದ್ದ. ಅವನಿಗೆ ಕೋಪ ಬಂದಂತೆ ಕಾಣಲಿಲ್ಲ. “ನಾನು ಮಗ್ಗ ಬಿಚ್ಚುವಾಗೆಲ್ಲ ಟಾರ್ಚ್ ಹಿಡಿದಿದ್ದು ನೀನೇ ಅಲ್ವೇನಪ್ಪ?”

ತಮ್ಮ ತಲೆ ತಗ್ಗಿಸಿದ.

“ಮೇಸ್ತ್ರಿ, ಕೋಪದಲ್ಲಿ ಏನೋ ಅಂದೆ,” ಎಂದ ಯಜಮಾನ. “ಮನಸಿಗೆ ಹಚ್ಕೋಬೇಡ. ಇನ್ನೊಂದು ಹಕ್ಕಿ ಬರೆಸೋಣ.”

“ಯಾರ ಹತ್ರ?”

ಹಾಗೆ ಕೇಳಿದ ಮೇಸ್ತ್ರಿ ಎಣ್ಣೆಯ ಬನಿಯನ್ನಿನ ಮೇಲೆ ಅಂಗಿ ಏರಿಸಿ, ಗುಂಡಿ ಹಾಕಿಕೊಂಡು ಹೊರಟ. ಮಾವ ಕೈ ಅಡ್ಡ ಹಿಡಿದರು.

“ನಿನ್ನ ಹೆಸರು ಉಳೀತಲ್ಲಯ್ಯಾ. ಇನ್ನೇನು ಬೇಕು?”

“ನೀವು ಉಳಿಸಿದ್ರಿ ಸಾಹೇಬ್ರೇ. ಇವರು ಉಳಿಸ್ಲಿಲ್ಲ.”

ಮಾವ ಕೈ ಇಳಿಸಿದರು.

“ಸಿಟ್ಟು ಇಳಿದ್ಮೇಲೆ ಬರ್ತಾನೆ ಬಿಡಿ,” ಎಂದ ಯಜಮಾನ. ಮರುದಿನವೂ ಅದನ್ನೇ ಹೇಳಿದ. ಆಮೇಲೆ ಹೇಳುವುದನ್ನು ಬಿಟ್ಟ.