ಜಗಲಿಯ ಚಾಪೆ

"ತಲೆನೋವಿಗೆ ಪಾದಕ್ಕೆ ಸೂಜಿನಾ?"

ಕೃಷ್ಣಮ್ಮ ತಲೆಯೆತ್ತಿದಳು. ಅರವತ್ತೊಂದನೆಯ ಇಸವಿ, ಯಶವಂತಪುರದ ಸೂಜಿ ಡಾಕ್ಟರ ಕೋಣೆ. ಎದುರು ಬೆಂಚಿನಲ್ಲಿ ಭುಜಕ್ಕೆ ನಾಲ್ಕು ಸೂಜಿ ಚುಚ್ಚಿಸಿಕೊಂಡು ಕೂತಿದ್ದ ಚನ್ನಕೇಶವ. ರೈಲ್ವೆ ಕ್ಯಾಬಿನ್ನಿನಲ್ಲಿ ಸಿಗ್ನಲ್ ಲಿವರ್ ಎಳೆದೆಳೆದು ಭುಜ ಸೋತಿದ್ದರೂ ಕಣ್ಣಿನಲ್ಲಿ ತುಂಟತನಕ್ಕೆ ಬರವಿರಲಿಲ್ಲ.

"ಡಾಕ್ಟರು ಕಲ್ಕತ್ತಾದಲ್ಲಿ ಚೀನಾದ ವಿದ್ಯೆ ಕಲಿತು ಬಂದೋರು. ಅನುಮಾನ ಇದ್ರೆ ನೀವೂ ಹೋಗಿ ಕಲೀರಿ" ಎಂದಳು, ಸೆರಗಿನಿಂದ ಗದ್ದ ಮುಚ್ಚಿಕೊಳ್ಳುತ್ತ.

"ಹೋಗಲ್ಲ ಕಣ್ರೀ. ಮಂಗಳವಾರ ತಪ್ಪೋಗುತ್ತೆ."

ಆರು ಮಂಗಳವಾರ ತಪ್ಪಲಿಲ್ಲ. ಏಳನೆಯದಕ್ಕೆ ಅವಳು ಬರಲಿಲ್ಲ. ಅವನೇ ಅವಳೂರು ಯಲಹಂಕದ ರೈಲು ಹತ್ತಿದ.

ಜಗಲಿಯ ಮೂಲೆಯಲ್ಲಿ ಹಳೆಯ ಚಾಪೆ, ಪಕ್ಕದಲ್ಲೊಂದು ಚೊಂಬು. ಚಾಪೆಯ ಮೇಲೆ ಕೃಷ್ಣಮ್ಮ.

"ಹತ್ರ ಬರ್ಬೇಡಿ. ಹೊರಗಿದ್ದೀನಿ."

ಅವನು ಅಂಗಳದಲ್ಲೇ ನಿಂತ. "ಸರಿ, ಇಲ್ಲಿಂದ್ಲೇ ಕೇಳ್ತೀನಿ. ಹೆಣ್ಣು ಕೇಳೋಕೆ ಅಮ್ಮನ್ನ ಕಳಿಸ್ಲಾ?"

ಎದುರುಮನೆಯ ಮಾರಕ್ಕ ರಾಗಿ ಕೇರುವುದನ್ನು ನಿಲ್ಲಿಸಿದಳು. ಹೆಣ್ಣೊಬ್ಬಳ ಮೈಯ ಸುದ್ದಿ ಇಡೀ ಕೇರಿಯ ಸೊತ್ತು. ತಿಂಗಳಿಗೆ ಮೂರು ದಿನ ಹೊರಗೆ ಕೂರದವಳಿಗೆ ಗಂಡು ಸಿಗುವುದಿಲ್ಲವೆಂದು ಹೆದರಿಯೇ ಕೃಷ್ಣಮ್ಮನ ಅಮ್ಮ ಮುನಿವೆಂಕಟಮ್ಮ ಈ ಚಾಪೆ ಹಾಸುತ್ತಿದ್ದಳು. ಇದೇ ಸುಳ್ಳಿನ ಮೇಲೆ ಹಸೆಮಣೆಯನ್ನೂ ಹಾಕಬೇಕೆ?

ಕೃಷ್ಣಮ್ಮ ದನಿ ತಗ್ಗಿಸಿದಳು, ಕಣ್ಣು ತಗ್ಗಿಸಲಿಲ್ಲ.

"ಸುಳ್ಳು. ಎಂಟು ತಿಂಗಳಾಯ್ತು ನಾನು ಹೊರಗಾಗಿ. ಅಂಡಾಶಯದಲ್ಲಿ ಗುಳ್ಳೆಗಳಿವೆ ಅಂದ್ರು ದೊಡ್ಡಾಸ್ಪತ್ರೆಲಿ. ಸೂಜಿ ಅದಕ್ಕೆ, ತಲೆನೋವಿಗಲ್ಲ. ಗದ್ದದ ಮೇಲೆ ಕೂದಲು ಬರೋದೂ ಅದರಿಂದ್ಲೇ. ಸೂಜಿ ಹಾಕಿಸ್ಕೊಂಡ ರಾತ್ರಿ ಒಳ್ಳೆ ನಿದ್ದೆ ಬರುತ್ತೆ. ಉಳಿದದ್ದು ಸರಿಹೋಗುತ್ತಾ ಅಂದ್ರೆ ಡಾಕ್ಟರೂ ಹೇಳಲ್ಲ. ಮಕ್ಕಳಾಗದೇನೂ ಇರಬಹುದು. ಈಗ್ಲೂ ಕಳಿಸ್ತೀರಾ?"

ಅವನ ನಗು ಮಾಯವಾಯಿತು.

"ಗದ್ದ ಮೊದಲ ದಿನಾನೇ ನೋಡಿದ್ದೆ. ಆವತ್ತಿಂದ ನಂಗೆ ನಿದ್ದೆ ಇಲ್ಲ, ಸೂಜಿ ಹಾಕಿಸ್ಕೊಂಡ್ರೂ."

"ತಮಾಷೆ ಬೇಡ. ನಿಮ್ಮಮ್ಮ?"

"ನಾನೇ ಹೇಳ್ತೀನಿ. ಎರಡು ದಿನ ಕೂಗಾಡ್ತಾಳೆ. ಮೂರನೇ ದಿನ ಹೂವು ತಗೊಂಡು ಬರ್ತಾಳೆ. ಬರದಿದ್ರೆ ನಾನೇ ತರ್ತೀನಿ."

ಕೃಷ್ಣಮ್ಮ ಎದ್ದಳು. ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಮುಂಬಾಗಿಲ ಹೊಸ್ತಿಲಿಗೆ ಕಾಲಿಟ್ಟಳು.

"ಅಯ್ಯೋ ಮುನಿವೆಂಕಟಮ್ಮಾ, ನಿನ್ ಮಗಳು ಒಳಕ್ ಓಗ್ತಾವ್ಳೆ! ಒಲೆ ಮುಟ್ತಾಳೆ!" ಎಂದು ಮಾರಕ್ಕ ಕಿರುಚಿದಳು.

"ಮುಟ್ತೀನಿ ಮಾರಕ್ಕ! ಇನ್ಮೇಲೆ ಎಲ್ಲಾ ತಿಂಗಳೂ ಮುಟ್ತೀನಿ!" ಇಡೀ ಕೇರಿಗೆ ಕೇಳುವಂತೆ ಅಂದು, ಕೃಷ್ಣಮ್ಮ ಅವನತ್ತ ತಿರುಗಿದಳು. "ನೀವೇನ್ರೀ ಅಂಗಳದಲ್ಲೇ ನಿಂತ್ರಿ? ಬನ್ನಿ. ಕಾಫಿ ಇಡ್ತೀನಿ."

ಸೆರಗು ಗದ್ದದಿಂದ ಜಾರಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.